ಎರಡನೇ ಕೈಗೆ ಬಂದ ಫೋನು

ಆಚಾರ್ಯ ಕಾಲೇಜುಗಳಿಂದಾಗಿ ವಿದ್ಯಾರ್ಥಿಗಳ ನೆಲೆಯಾಗಿರುವ ಬೆಂಗಳೂರಿನ ಸೋಲದೇವನಹಳ್ಳಿಯಂಥ ಕಡೆ ಸೆಕೆಂಡ್ ಹ್ಯಾಂಡ್ ಸ್ಮಾರ್ಟ್‌ಫೋನ್ ಎಂದರೆ ಬಡತನದ ಗುರುತಲ್ಲ, ಜಾಣ ಲೆಕ್ಕಾಚಾರ. ಹೊಸ ಫೋನಿನ ಬೆಲೆ ಬೀಳುವುದು ಮೊದಲ ವರ್ಷದಲ್ಲೇ ಹೆಚ್ಚು. ಆ ನಷ್ಟವನ್ನು ಮೊದಲ ಮಾಲೀಕ ಹೊತ್ತಿರುತ್ತಾನೆ. ಅಗ್ಗದ ಹೊಸ ಫೋನಿನ ದುಡ್ಡಿಗೆ ಎರಡು ವರ್ಷ ಹಳೆಯ ದುಬಾರಿ ಮಾದರಿಯೇ ಸಿಕ್ಕರೆ ಗಾಜು, ಕ್ಯಾಮೆರಾ, ಪ್ರೊಸೆಸರ್ ಎಲ್ಲವೂ ಒಂದು ಮೆಟ್ಟಿಲು ಮೇಲಿನವು. ಜೊತೆಗೆ, ಫೋನಿನ ಒಟ್ಟು ಇಂಗಾಲದ ಹೊರೆಯಲ್ಲಿ ಬಹುಪಾಲು ತಯಾರಿಕೆಯದ್ದೇ ಆದ್ದರಿಂದ, ಇರುವುದನ್ನೇ ಇನ್ನಷ್ಟು ಕಾಲ ಬಳಸುವುದು ಪರಿಸರಕ್ಕೂ ಲಾಭ.

ಕದ್ದ ಮಾಲಾದರೆ ಎಂಬ ಅಳುಕು ಸಹಜ. ಅದಕ್ಕೆ ಮದ್ದೂ ಇದೆ: *#06# ಒತ್ತಿದರೆ ತೆರೆಯ ಮೇಲೆ ಫೋನಿನ ಗುರುತಾದ 15 ಅಂಕಿಗಳ ಐಎಂಇಐ ಸಂಖ್ಯೆ ಮೂಡುತ್ತದೆ. ಬಿಲ್ಲು, ಡಬ್ಬಿಗಳ ಮೇಲಿನ ಸಂಖ್ಯೆಯೊಂದಿಗೆ ಅದನ್ನು ತಾಳೆ ನೋಡಿ, 2023ರಲ್ಲಿ ಕೇಂದ್ರ ಸರ್ಕಾರ ತಂದ ಸಂಚಾರ್ ಸಾಥಿ ಜಾಲತಾಣದಲ್ಲೂ ಪರಿಶೀಲಿಸಬಹುದು. ಬ್ಯಾಟರಿ ಸವೆದಿರುತ್ತದೆ ಎಂಬುದೂ ನಿಜವೇ. ಲೀಥಿಯಂ ಅಯಾನ್ ಕೋಶಗಳು ಚಾರ್ಜ್ ಆದಷ್ಟೂ ಸೊರಗುತ್ತವೆ. ಆದರೆ ಬ್ಯಾಟರಿ ಬದಲಾಯಿಸುವ ಖರ್ಚು ಹೊಸ ಫೋನಿನ ಮುಂದೆ ಅಲ್ಪ. ಗಟ್ಟಿಯಾದ ಆಕ್ಷೇಪ ಸಾಫ್ಟ್‌ವೇರಿನದು. ಭದ್ರತಾ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಅಪಾಯಕಾರಿ. ಗೂಗಲ್ ಪಿಕ್ಸೆಲ್ 8, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಮಾದರಿಗಳಿಗೆ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಕಂಪನಿಗಳೇ ಮಾತು ಕೊಟ್ಟಿರುವುದರಿಂದ, ಆ ಕೊರತೆಯೂ ಈಗ ತಗ್ಗುತ್ತಿದೆ. ಹಾಗಾಗಿ ಕೊಳ್ಳುವ ಮುನ್ನ ಮೈಮೇಲಿನ ಗೀರು ಎಣಿಸಬೇಡಿ; ಬಿಲ್ಲು ಕೇಳಿ, ಹಳೇ ಮಾಲೀಕನ ಖಾತೆ ಅಳಿಸಿಸಿ, ಅಪ್‌ಡೇಟಿಗೆ ಇನ್ನೆಷ್ಟು ವರ್ಷ ಉಳಿದಿದೆ ನೋಡಿ.