ಬೆರಳು ಕಳೆದುಕೊಂಡ ಗುರಿಕಾರ

1993ರ ‘ಸ್ನೈಪರ್’ ಚಿತ್ರದ ಕೊನೆಗೆ ಬರುವ ಹೊತ್ತಿಗೆ ನಾಯಕ ಥಾಮಸ್ ಬೆಕೆಟ್‌ನ ತೋರುಬೆರಳು ಹೋಗಿರುತ್ತದೆ. ಟ್ರಿಗರ್ ಎಳೆಯುವ ಬೆರಳು ಅದು. ಸೆರೆಸಿಕ್ಕವನಿಗೆ ಚಿತ್ರಹಿಂಸೆ ಕೊಡುವ ಖಳ ಬೇಕೆಂದೇ ಅದನ್ನು ಆರಿಸಿ ಕತ್ತರಿಸಿರುತ್ತಾನೆ. ಆ್ಯಕ್ಷನ್ ಸಿನಿಮಾಗಳ ಲೋಕದಲ್ಲಿ ಗಾಯಗಳಿಗೆ ಆಯಸ್ಸು ಕಡಿಮೆ. ಮುಂದಿನ ಭಾಗ ಬರುವಷ್ಟರಲ್ಲಿ ಮೈಮೇಲೆ ಗೀರೂ ಉಳಿದಿರುವುದಿಲ್ಲ. ಇಲ್ಲಿ ಮಾತ್ರ ಆ ಬೆರಳು ಮತ್ತೆ ಚಿಗುರಲಿಲ್ಲ. ಒಂಬತ್ತು ವರ್ಷ ಬಿಟ್ಟು ‘ಸ್ನೈಪರ್ 2’ ಬಂದಾಗ ಬೆಕೆಟ್ ಬಂದೂಕಿನ ಮೇಲೆ ಕೈಯಿಟ್ಟ ಕೂಡಲೇ ಕಣ್ಣು ತಾನಾಗಿ ಆ ಮೊಂಡು ಜಾಗದತ್ತ ಹೋಗುತ್ತದೆ. ಅಗ್ಗದ ಚಿತ್ರವೊಂದು ತನ್ನ ನಾಯಕನ ಮೈಯನ್ನು ಇಷ್ಟು ನಿಷ್ಠೆಯಿಂದ ನೆನಪಿಟ್ಟುಕೊಂಡಿದೆ ಎನ್ನುವುದೇ ನನಗೆ ಈ ಸರಣಿಯ ಮೇಲೆ ಪ್ರೀತಿ ಹುಟ್ಟಿಸಿದ್ದು.

ಮೊದಲ ಚಿತ್ರ ಅಗ್ಗದ್ದೇನಲ್ಲ. ಪೆರು ದೇಶದ ಲೂಯಿಸ್ ಯೋಸಾ ನಿರ್ದೇಶಕ. ‘ಜಾಸ್’ ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದ ಬಿಲ್ ಬಟ್ಲರ್ ಇಲ್ಲೂ ಛಾಯಾಗ್ರಾಹಕರು. ಕತೆ ನಡೆಯುವುದು ಪನಾಮಾದ ಕಾಡಿನಲ್ಲಿ, ಚಿತ್ರೀಕರಣ ಆಗಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ. ಅಮೆರಿಕದ ಮರೀನ್ ಪಡೆಯ ಅನುಭವಿ ಬೆಕೆಟ್‌ನ ಜೊತೆಗೆ ರಾಜಧಾನಿಯಿಂದ ಬಂದ ಮಿಲ್ಲರ್ ಎಂಬ ನಾಗರಿಕ ಅಧಿಕಾರಿ. ಗುರಿ ಇಟ್ಟು ಹೊಡೆಯುವುದರಲ್ಲಿ ಪಳಗಿದವನು, ಆದರೆ ಮನುಷ್ಯರನ್ನು ಕೊಂದು ಗೊತ್ತಿಲ್ಲ. ಬೆಕೆಟ್ ಆಗಿ ಟಾಮ್ ಬೆರೆಂಜರ್, ಮಿಲ್ಲರ್ ಆಗಿ ಬಿಲ್ಲಿ ಝೇನ್. ‘ಪ್ಲಟೂನ್’ ಚಿತ್ರದ ಗಾಯದ ಮುಖದ ಸಾರ್ಜೆಂಟ್ ಬಾರ್ನ್ಸ್ ಪಾತ್ರಕ್ಕೆ ಬೆರೆಂಜರ್ ಆಸ್ಕರ್ ನಾಮನಿರ್ದೇಶನ ಪಡೆದಿದ್ದವರು. ಬಾರ್ನ್ಸ್‌ನ ಕ್ರೌರ್ಯವನ್ನು ತೆಗೆದು ದಣಿವನ್ನಷ್ಟೇ ಉಳಿಸಿಕೊಂಡರೆ ಬೆಕೆಟ್ ಸಿಗುತ್ತಾನೆ.

ಆ ಚಿತ್ರದ ಕೊನೆಯ ಗುಂಡನ್ನು ಹತ್ತಿರದಿಂದ ನೋಡಬೇಕು. ಕತ್ತಲು. ಬೆಕೆಟ್ ಶತ್ರುವಿನ ಹಿಡಿತದಲ್ಲಿದ್ದಾನೆ. ದೂರದಲ್ಲಿ ಮಿಲ್ಲರ್ ಬಂದೂಕಿನ ದುರ್ಬೀನಿಗೆ ಕಣ್ಣು ಹಚ್ಚಿದ್ದಾನೆ. ಅವನು ಅಲ್ಲಿದ್ದಾನೆಂದು ಬೆಕೆಟ್‌ಗೆ ತಿಳಿಯುತ್ತದೆ. ಕೂಗುವ ಹಾಗಿಲ್ಲ, ಕೈ ಆಡಿಸುವ ಹಾಗಿಲ್ಲ. ನನ್ನ ಮೈಯ ಮೂಲಕವೇ ಹೊಡೆ, ಒಂದೇ ಗುಂಡಿಗೆ ಇಬ್ಬರೂ ಮುಗಿಯಲಿ ಎಂದು ತುಟಿ ಅಲ್ಲಾಡಿಸುತ್ತಾನೆ, ಅಷ್ಟೆ. ಮಿಲ್ಲರ್ ದುರ್ಬೀನಿನಲ್ಲಿ ಆ ತುಟಿಗಳನ್ನು ಓದುತ್ತಾನೆ. ಓದಿಯೂ ಹೇಳಿದ್ದನ್ನು ಕೇಳುವುದಿಲ್ಲ, ಖಳನನ್ನಷ್ಟೇ ಉರುಳಿಸುತ್ತಾನೆ. ಕೊಲ್ಲಲು ಮಾಡಿದ ಉಪಕರಣ ಒಂದು ಗಳಿಗೆ ಇಬ್ಬರು ಮಾತಾಡಿಕೊಳ್ಳುವ ದಾರಿಯಾಗುತ್ತದೆ. ಸದ್ದಿಲ್ಲದ ಸಂಭಾಷಣೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಆ್ಯಕ್ಷನ್ ಚಿತ್ರಗಳಲ್ಲಿ ಸಿಕ್ಕಿಲ್ಲ.

ಇನ್ನು ಮುಂದಿನ ಭಾಗಗಳು. 2002ರಲ್ಲಿ ಎರಡನೆಯದು, 2004ರಲ್ಲಿ ಮೂರನೆಯದು. ಚಿತ್ರಮಂದಿರದ ಗೊಡವೆಗೆ ಹೋಗದೆ ಟಿವಿಗೆ, ಡಿವಿಡಿಗೆ ನೇರವಾಗಿ ಬಂದ ಸರಕು. ಸೋನಿ ಕಂಪನಿಯ ಈ ಕಾರ್ಖಾನೆ ಇನ್ನೂ ನಿಂತಿಲ್ಲ. ಮೊದಲನೆಯದೂ ಸೇರಿ ಹತ್ತಕ್ಕಿಂತ ಹೆಚ್ಚು ಚಿತ್ರಗಳಾಗಿವೆ. ಹಂಗೆರಿ, ಥಾಯ್ಲೆಂಡ್, ದಕ್ಷಿಣ ಆಫ್ರಿಕಾ, ಬಲ್ಗೇರಿಯಾ, ಕೊಲಂಬಿಯಾ, ಹೀಗೆ ಎಲ್ಲಿ ಖರ್ಚು ಕಡಿಮೆಯೋ ಅಲ್ಲಿ ಡೇರೆ ಹಾಕುವ ತಂಡ. ನಮ್ಮಲ್ಲಿ ಇಂಥವನ್ನು ನೋಡಿದವರು ಬಹುಪಾಲು ಕೇಬಲ್ಲಿನ ಇಂಗ್ಲಿಷ್ ಚಾನೆಲ್ಲುಗಳಲ್ಲಿ, ರಾತ್ರಿ ಹನ್ನೊಂದರ ಮೇಲೆ, ಅರ್ಧದಿಂದ ನೋಡಿದವರೇ.

ದುಡ್ಡಿಲ್ಲದಿರುವುದು ಬೇರೆ ಆ್ಯಕ್ಷನ್ ಚಿತ್ರವನ್ನು ಕೆಡಿಸುತ್ತದೆ. ಕಾರು ಹಾರಬೇಕು, ಸೇತುವೆ ಕುಸಿಯಬೇಕು, ಹೆಲಿಕಾಪ್ಟರ್ ಉರಿಯಬೇಕು. ಇವೆಲ್ಲ ಅಗ್ಗದಲ್ಲಿ ಮಾಡಿದರೆ ಹಾಸ್ಯಾಸ್ಪದ. ಸ್ನೈಪರ್‌ನ ಕತೆಗೆ ಬೇಕಾದದ್ದು ಒಬ್ಬ ಮನುಷ್ಯ, ಸ್ವಲ್ಪ ಹುಲ್ಲು, ಕಾಯುವ ತಾಳ್ಮೆ. ಹುಲ್ಲಿಗೆ ಬಾಡಿಗೆ ಎಷ್ಟು? ಮಲಗಿರುವವನ ಮುಖವನ್ನು ಸಮೀಪದಿಂದ ಹಿಡಿಯಲು ಒಂದು ಕ್ಯಾಮೆರಾ ಸಾಕು. ದುರ್ಬೀನಿನ ದುಂಡು ಚೌಕಟ್ಟಿನೊಳಗೆ ಕಾಣುವ ದೃಶ್ಯಕ್ಕೆ ದೊಡ್ಡ ಸೆಟ್ಟೂ ಬೇಡ. ಒಂದು ಕಿಟಕಿ, ಅದರ ಪರದೆ, ಪರದೆಯ ಹಿಂದೆ ಸರಿದ ನೆರಳು. ಬಡತನವೇ ಇಲ್ಲಿ ಶೈಲಿಗೆ ಹೊಂದಿಕೊಂಡಿತು. ನಮ್ಮ ಹಳೆಯ ಕಾವ್ಯಮೀಮಾಂಸಕರು ಔಚಿತ್ಯ ಎಂದದ್ದನ್ನು ಹಾಲಿವುಡ್ಡಿನ ಲೆಕ್ಕಪತ್ರ ವಿಭಾಗ ಗೊತ್ತಿಲ್ಲದೆಯೇ ಸಾಧಿಸಿಬಿಟ್ಟಿದೆ.

ಆ ಕಾಯುವಿಕೆಯಲ್ಲಿ ಮಾಡಲು ಕೆಲಸವೇನು ಕಡಿಮೆಯಿಲ್ಲ. ಮರೀನ್ ಪಡೆಯ ಎಂ40 ಬಂದೂಕಿನಿಂದ ಹೊರಟ ಗುಂಡು ಒಂದು ಸಾವಿರ ಗಜ ದಾಟಲು ಒಂದೂವರೆ ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಗುರಿ ಒಂದು ಹೆಜ್ಜೆ ಇಟ್ಟರೆ ಮುಗಿಯಿತು. ಗುಂಡು ದಾರಿಯುದ್ದಕ್ಕೂ ಕೆಳಗಿಳಿಯುತ್ತಿರುತ್ತದೆ, ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತಿರುತ್ತದೆ. ಹುಲ್ಲು ಎತ್ತ ಬಾಗಿದೆ, ಬಿಸಿ ನೆಲದ ಮೇಲಿನ ಗಾಳಿಯ ಅಲೆ ಎತ್ತ ಹರಿಯುತ್ತಿದೆ ಎಂದು ಪಕ್ಕದಲ್ಲಿ ಮಲಗಿದ ಸ್ಪಾಟರ್ ಓದಿ ಹೇಳಬೇಕು. ಉಸಿರು ಬಿಟ್ಟು, ಮುಂದಿನದನ್ನು ಎಳೆದುಕೊಳ್ಳುವ ಮುಂಚಿನ ಬಿಡುವಿನಲ್ಲಿ ಟ್ರಿಗರನ್ನು ಮೆಲ್ಲಗೆ ಒತ್ತಬೇಕು. ಸದ್ದಿಗಿಂತ ಗುಂಡು ಮುಂದೆ ಓಡುವುದರಿಂದ ಸತ್ತವನಿಗೆ ಸದ್ದು ಕೇಳಿಸಿರುವುದೇ ಇಲ್ಲ.

ಇದನ್ನೆಲ್ಲ ಬೆರೆಂಜರ್ ಮುಖದಲ್ಲೇ ಮಾಡುತ್ತಾರೆ. 1949ರಲ್ಲಿ ಹುಟ್ಟಿದವರು. ಎರಡನೆಯ ಭಾಗಕ್ಕೆ ಐವತ್ತಮೂರು, ಮೂರಕ್ಕೆ ಐವತ್ತೈದು, 2014ರ ‘ಲೆಗಸಿ’ಗೆ ಅರವತ್ತೈದು, 2017ರ ‘ಅಲ್ಟಿಮೇಟ್ ಕಿಲ್’ ಹೊತ್ತಿಗೆ ಅರವತ್ತೆಂಟು, 2020ರ ‘ಅಸಾಸಿನ್ಸ್ ಎಂಡ್’ನಲ್ಲಿ ಎಪ್ಪತ್ತು ದಾಟಿದೆ. ಸೊಂಟ ಅಗಲವಾಗಿದೆ, ದವಡೆ ಇಳಿಬಿದ್ದಿದೆ, ದನಿ ಇನ್ನಷ್ಟು ಒಳಕ್ಕೆ ಹೋಗಿದೆ. ಕಣ್ಣಿನ ಸುತ್ತಲಿನ ಗೆರೆಗಳು ಮಾತ್ರ ದುರ್ಬೀನಿಗೆ ಕಣ್ಣು ಹಚ್ಚಿದ ಕೂಡಲೇ ಒಟ್ಟುಗೂಡಿ ಬಿಗಿಯಾಗುತ್ತವೆ. ಇಳಿವಯಸ್ಸಿನ ಯಕ್ಷಗಾನ ಕಲಾವಿದರನ್ನು ನೋಡಿದವರಿಗೆ ಇದು ಹೊಸದಲ್ಲ. ಧೀಂಗಿಣ ತೆಗೆಯುವ ಕಾಲ ಮುಗಿದಿರುತ್ತದೆ. ರಂಗಸ್ಥಳದಲ್ಲಿ ಸುಮ್ಮನೆ ನಿಂತು ಕತ್ತು ತಿರುಗಿಸಿದರೆ ಸಭೆ ಎಚ್ಚರಗೊಳ್ಳುತ್ತದೆ.

ಸರಣಿಯಲ್ಲಿ ನನ್ನ ಆಯ್ಕೆ ಮೂರನೆಯದು. ಪಿ. ಜೆ. ಪೆಶೆ ನಿರ್ದೇಶನದ ಈ ಚಿತ್ರ ಶುರುವಾಗುವುದು ಒಂದು ಮದುವೆಮನೆಯಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ಸತ್ತನೆಂದು ಎಲ್ಲರೂ ನಂಬಿರುವ ಗೆಳೆಯ ಫಿನ್ನೆಗನ್‌ನ ಮಗನ ಮದುವೆ. ಅಲ್ಲಿ ಬೆಕೆಟ್ ಕುಡಿದಿದ್ದಾನೆ. ಸಂಭ್ರಮದ ನಡುವೆ ಹೇಗಿರಬೇಕೆಂದು ತಿಳಿಯದ ಮನುಷ್ಯ. ಆಮೇಲೆ ಸರ್ಕಾರ ಅವನನ್ನು ಹೋ ಚಿ ಮಿನ್ ನಗರಕ್ಕೆ ಕಳಿಸುತ್ತದೆ, ಒಬ್ಬನನ್ನು ಮುಗಿಸಲು. ಆ ಒಬ್ಬ ಬೇರೆ ಯಾರೂ ಅಲ್ಲ, ಫಿನ್ನೆಗನ್. ಕತೆಯ ಹೆಣಿಗೆಯಲ್ಲಿ ತೂತುಗಳಿವೆ, ಒಪ್ಪೋಣ. ಮೂವತ್ತು ವರ್ಷದಿಂದ ಎದೆಯಲ್ಲಿಟ್ಟುಕೊಂಡು ದುಃಖಿಸಿದ ಗೆಳೆಯನ ಮುಖ ದುರ್ಬೀನಿನ ನಡುವೆ ಬಂದು ನಿಂತಾಗ ಏನಾಗಬಹುದು ಎಂಬುದನ್ನು ಬೆರೆಂಜರ್ ತೂತಿಲ್ಲದೆ ಅಭಿನಯಿಸುತ್ತಾರೆ. ವೀರರಸಕ್ಕೆಂದು ನೋಡಲು ಕೂತವನ ಕೈಗೆ ಇಲ್ಲಿ ಕರುಣ ಬಂದು ಬೀಳುತ್ತದೆ.

ಬೆಕೆಟ್‌ನ ಹಿಂದೆ ಒಬ್ಬ ನಿಜದ ಮನುಷ್ಯನ ನೆರಳಿದೆ. ಕಾರ್ಲೋಸ್ ಹಾಥ್‌ಕಾಕ್, ಅರ್ಕನ್ಸಾ ರಾಜ್ಯದವನು, ವಿಯೆಟ್ನಾಂ ಯುದ್ಧದಲ್ಲಿ 93 ಮಂದಿಯನ್ನು ಕೊಂದದ್ದು ಅಧಿಕೃತವಾಗಿ ದಾಖಲಾದ ಮರೀನ್ ಸ್ನೈಪರ್. ಟೋಪಿಗೆ ಬಿಳಿಗರಿ ಸಿಕ್ಕಿಸಿಕೊಳ್ಳುತ್ತಿದ್ದ. 1969ರಲ್ಲಿ ಅವನಿದ್ದ ವಾಹನ ನೆಲಬಾಂಬಿಗೆ ಸಿಕ್ಕಿ ಹೊತ್ತಿಕೊಂಡಾಗ ಏಳು ಜನ ಸಂಗಾತಿಗಳನ್ನು ಹೊರಕ್ಕೆಳೆದು ತಾನು ಸುಟ್ಟುಕೊಂಡ. ಮುಂದೆ ಮರೀನ್ ಪಡೆಯ ಸ್ನೈಪರ್ ಶಾಲೆ ಕಟ್ಟುವುದರಲ್ಲಿ ಅವನ ಪಾಲಿತ್ತು. ಆಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂತು; ನರಗಳನ್ನೇ ಕೆಡಿಸುವ ಕಾಯಿಲೆ. ತಾಸುಗಟ್ಟಲೆ ಅಲುಗದೆ ಮಲಗಬಲ್ಲವನಾಗಿದ್ದವನ ಮೈ ಅವನ ಮಾತು ಕೇಳದಾಯಿತು. 1999ರಲ್ಲಿ ತೀರಿಕೊಂಡ. ಸಿನಿಮಾದ ಕತ್ತರಿಸಿದ ಬೆರಳು ಕಟ್ಟುಕತೆ ಇರಬಹುದು, ಗುರಿಕಾರನ ಮೈ ಅವನಿಗಿಂತ ಮೊದಲು ನಿವೃತ್ತಿಯಾಗುತ್ತದೆ ಎಂಬುದು ಕಟ್ಟುಕತೆಯಲ್ಲ.

2011ರ ‘ರೀಲೋಡೆಡ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆರೆಂಜರ್ ಅದರಲ್ಲಿಲ್ಲ. ಬೆಕೆಟ್‌ಗೆ ಬ್ರ್ಯಾಂಡನ್ ಎಂಬ ಮಗ ಹುಟ್ಟಿಕೊಂಡಿದ್ದಾನೆ, ಚಾಡ್ ಮೈಕಲ್ ಕಾಲಿನ್ಸ್ ಆ ಪಾತ್ರದಲ್ಲಿ. ಹುಡುಗ ಲಕ್ಷಣವಾಗಿದ್ದಾನೆ, ಓಡುತ್ತಾನೆ, ಹೊಡೆಯುತ್ತಾನೆ. ಸುಮ್ಮನಿರುವುದು ಮಾತ್ರ ಅವನಿಗೆ ಬರುವುದಿಲ್ಲ. ‘ಲೆಗಸಿ’ಯಲ್ಲಿ ಸತ್ತನೆಂದುಕೊಂಡಿದ್ದ ಅಪ್ಪ ತಿರುಗಿ ಬಂದಾಗ ಚಿತ್ರಕ್ಕೆ ಉಸಿರು ಬರುತ್ತದೆ. ‘ಅಲ್ಟಿಮೇಟ್ ಕಿಲ್’ನಲ್ಲಿ ಅಪ್ಪ, ಮಗ, ಮಿಲ್ಲರ್ ಮೂವರೂ ಬೊಗೊಟಾದಲ್ಲಿ ಸೇರುತ್ತಾರೆ. ಅಲ್ಲಿನ ಖಳನ ಕೈಯಲ್ಲಿ ಗುರಿಯನ್ನು ತಾನೇ ಹುಡುಕಿಕೊಂಡು ಹೋಗುವ ಗುಂಡು. ಇದು ಪೂರ್ತಿ ಕಲ್ಪನೆಯಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಹಾರುವಾಗಲೇ ದಿಕ್ಕು ಬದಲಿಸುವ ಗುಂಡನ್ನು ಪರೀಕ್ಷಿಸಿ ತೋರಿಸಿದೆ. ಗಾಳಿ ಓದುವ ಕೆಲಸವನ್ನು ಚಿಪ್ ಮಾಡುವುದಾದರೆ ಬೆಕೆಟ್‌ನಂಥವರು ಇನ್ನೇಕೆ? ಚಿತ್ರ ಈ ಪ್ರಶ್ನೆಯ ಹತ್ತಿರ ಬಂದು, ಧೈರ್ಯ ಸಾಲದೆ ಗುಂಡಿನ ಸುರಿಮಳೆಗೆ ಹೊರಳಿಕೊಳ್ಳುತ್ತದೆ. ಆದರೂ ಮೂರು ವಯಸ್ಸಿನ ಮೂವರು ಒಂದೇ ಚೌಕಟ್ಟಿನಲ್ಲಿ ನಿಂತಾಗ, ಕ್ವೀನ್ಸ್‌ಲ್ಯಾಂಡಿನ ಕಾಡಿನಿಂದ ಇಲ್ಲಿಯವರೆಗಿನ ಇಪ್ಪತ್ತನಾಲ್ಕು ವರ್ಷ ಮೇಕಪ್ಪಿನ ಹಂಗಿಲ್ಲದೆ ಬೆರೆಂಜರ್ ಮತ್ತು ಝೇನ್ ಮುಖಗಳ ಮೇಲೆ ಕಾಣುತ್ತದೆ. ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ನಟರನ್ನು ಚಿಕ್ಕವರಾಗಿಸುವ ದೊಡ್ಡ ಸ್ಟುಡಿಯೊಗಳಿಗೆ ಇದು ದಕ್ಕದ ಸೊಗಸು.

ತಕರಾರುಗಳಿಲ್ಲವೆಂದಲ್ಲ. ಬೇರೆ ದೇಶಗಳೆಲ್ಲ ಈ ಚಿತ್ರಗಳಿಗೆ ಅಮೆರಿಕನ್ನರು ಗುಂಡು ಹಾರಿಸುವ ಬಯಲುಗಳಷ್ಟೇ. ಎರಡನೆಯ ಭಾಗದಲ್ಲಿ ಬಾಲ್ಕನ್ ರಾಜಕೀಯವನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ, ಹೆಂಗಸರ ಪಾತ್ರಗಳು ಬಹುಪಾಲು ತೆಳು. ಎಷ್ಟೋ ಕಡೆ ಸಂಭಾಷಣೆ ಬಂದರೆ ರಿಮೋಟು ಹುಡುಕುವಂತಾಗುತ್ತದೆ. ಮಹಾನ್ ಸಿನಿಮಾ ಎಂದು ಯಾರ ಮುಂದೆಯೂ ವಾದ ಮಾಡಲಾರೆ.

ನೋಡುವ ಮನಸ್ಸಾದರೆ ಎಲ್ಲವನ್ನೂ ನೋಡಬೇಕಿಲ್ಲ. 1993ರ ಮೊದಲನೆಯದು, 2004ರ ಮೂರನೆಯದು, 2017ರ ‘ಅಲ್ಟಿಮೇಟ್ ಕಿಲ್’, ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ. ಅವಸರವಿದ್ದರೆ ಕೊನೆಯದರಲ್ಲಿ ಬೆರೆಂಜರ್ ಇಲ್ಲದ ಹೊಡೆದಾಟಗಳನ್ನು ಓಡಿಸಿ. ಅವರು ಸುಮ್ಮನೆ ಕಾಯುವ ದೃಶ್ಯಗಳನ್ನು ಮಾತ್ರ ಓಡಿಸಬೇಡಿ.