ಫುಟ್‌ಬಾಲ್ ಕ್ಲಬ್ಬುಗಳ ವರ್ಗಾವಣೆ ಕರಾರುಗಳು: ಎರಡು ದಾಖಲೆಗಳ ವಿಮರ್ಶೆ

ಇತಿಹಾಸದ ಆಧಾರಗಳೆಂದೊಡನೆ ಶಾಸನ, ಕಡತ, ಕೈಫಿಯತ್ತುಗಳನ್ನು ನೆನೆಯುವುದು ನಮ್ಮಲ್ಲಿ ರೂಢಿಯಾಗಿದೆ. ಆಧುನಿಕ ಕಾಲದ ವ್ಯವಹಾರಪತ್ರಗಳನ್ನು ಅದೇ ಎಚ್ಚರದಿಂದ ಓದುವ ಅಭ್ಯಾಸ ಇನ್ನೂ ಬೆಳೆದಿಲ್ಲ. ಯೂರೋಪಿನ ಫುಟ್‌ಬಾಲ್ ಕ್ಲಬ್ಬುಗಳು ಆಟಗಾರನೊಬ್ಬನನ್ನು ಪರಸ್ಪರ ಬಿಟ್ಟುಕೊಡುವಾಗ ಬರೆದುಕೊಳ್ಳುವ ಕರಾರುಗಳು ಅಂಥ ಪತ್ರಗಳಲ್ಲಿ ಒಂದು ಬಗೆಯವು. ಇವುಗಳ ಮೊಬಲಗನ್ನು ಕುರಿತು ಪತ್ರಿಕೆಗಳು ಬರೆದಿರುವುದು ಬೇಕಾದಷ್ಟಿದೆ. ಇವುಗಳ ವಾಕ್ಯಗಳನ್ನು ಕುರಿತು ಬರೆದಿರುವುದು ಅತ್ಯಲ್ಪ. ಮೊಬಲಗಿಗಿಂತ ವಾಕ್ಯರಚನೆಯೇ ಹೆಚ್ಚು ಮಾತನಾಡುತ್ತದೆಂಬುದು ಪ್ರಕೃತ ಲೇಖನದ ಅಭಿಪ್ರಾಯ.

ಮೊದಲು ಒಂದು ತೊಡಕನ್ನು ಹೇಳಬೇಕು. ಇಂಥ ಕರಾರುಗಳು ಸಾಮಾನ್ಯವಾಗಿ ಕ್ಲಬ್ಬುಗಳ ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಸುಸೂತ್ರವಾಗಿ ನೆರವೇರಿದ ಕರಾರನ್ನು ಹೊರಗಿನವರು ಕಾಣುವುದು ಅಪರೂಪ. ಮುರಿದುಬಿದ್ದು ನ್ಯಾಯಸ್ಥಾನಕ್ಕೆ ಹೋದ ಕರಾರು ಮಾತ್ರ ತೀರ್ಪಿನ ಮೂಲಕ ನಮ್ಮ ಕೈಸೇರುತ್ತದೆ. ಆದ್ದರಿಂದ ನಮ್ಮ ಆಧಾರಸಾಮಗ್ರಿಯೆಲ್ಲ ರೋಗಿಗಳದು, ಆರೋಗ್ಯವಂತರದಲ್ಲ. ಈ ಮಿತಿಯನ್ನು ಒಪ್ಪಿಕೊಂಡೇ ಮುಂದುವರಿಯಬೇಕಾಗಿದೆ. ಆದರೂ ಯಾವ ಕೀಲು ಸಡಿಲವಾಗಿತ್ತೆಂಬುದು ಗಾಡಿ ಮುರಿದಾಗಲೇ ತಿಳಿಯುವುದಲ್ಲವೆ?

ಈ ಪದ್ಧತಿಯ ತವರು ಇಂಗ್ಲೆಂಡು. ಅಲ್ಲಿ 1885ರಲ್ಲಿ ಹಣಕ್ಕಾಗಿ ಆಡುವುದು ನಿಯಮಸಮ್ಮತವಾಯಿತು. 1888ರಲ್ಲಿ ಲೀಗ್ ಸ್ಥಾಪನೆಗೊಂಡಿತು. ಕೆಲವೇ ವರ್ಷಗಳಲ್ಲಿ, ಆಟಗಾರನ ನೋಂದಣಿ ಯಾವ ಕ್ಲಬ್ಬಿನ ಬಳಿ ಇದೆಯೋ ಆ ಕ್ಲಬ್ಬು ಒಪ್ಪದೆ ಅವನು ಬೇರೆಡೆ ಆಡಕೂಡದೆಂಬ ಕಟ್ಟಳೆ ನೆಲೆಗೊಂಡಿತು. ಅವನ ಕರಾರಿನ ಅವಧಿ ಮುಗಿದರೂ ಕಟ್ಟಳೆ ಮುಗಿಯುತ್ತಿರಲಿಲ್ಲ. 1905ರಲ್ಲಿ ಆಲ್ಫ್ ಕಾಮನ್ ಎಂಬ ಆಟಗಾರನಿಗಾಗಿ ಮಿಡಲ್ಸ್‌ಬರೋ ಕ್ಲಬ್ಬು ಸಂಡರ್ಲೆಂಡಿಗೆ 1,000 ಪೌಂಡು ತೆತ್ತಾಗ ಜನ ಬೆರಗಾದರು. ಇಲ್ಲಿ ಗಮನಿಸಬೇಕಾದುದು 'ನೋಂದಣಿ' ಎಂಬ ಶಬ್ದ. ಕ್ಲಬ್ಬು ಮಾರುವುದು ಮನುಷ್ಯನನ್ನಲ್ಲ, ಅವನ ನೋಂದಣಿಯನ್ನು. ಕೊಳ್ಳುವವನು ಕೊಳ್ಳುವುದೂ ಅದನ್ನೇ. ಮಾನವನ ಕ್ರಯವಿಕ್ರಯವೆಂಬ ಆಕ್ಷೇಪಕ್ಕೆ ಎಡೆಯಿಲ್ಲದಂತೆ ಈ ಒಂದು ನಾಮಪದ ಕಾವಲು ನಿಂತಿದೆ. ಜಾರ್ಜ್ ಈಸ್ಟ್‌ಹ್ಯಾಮ್ ಎಂಬಾತ 1960ರಲ್ಲಿ ನ್ಯೂಕಾಸಲ್ ಕ್ಲಬ್ಬಿನ ಹಿಡಿತದಿಂದ ಬಿಡಿಸಿಕೊಳ್ಳಲು ಹೋರಾಡಿ, 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಅವರಿಂದ ಆ ಪದ್ಧತಿ ವೃತ್ತಿಸ್ವಾತಂತ್ರ್ಯಕ್ಕೆ ಅನುಚಿತವಾದ ಅಡ್ಡಿಯೆಂಬ ತೀರ್ಪನ್ನು ಪಡೆದನು. ಪದ್ಧತಿ ಸಡಿಲವಾಯಿತು, ಆ ನಾಮಪದ ಮಾತ್ರ ಉಳಿಯಿತು.

ಈಗ ಮೊದಲನೆಯ ದಾಖಲೆಗೆ ಬರೋಣ. ಬೆಲ್ಜಿಯಮ್ಮಿನ ಲಿಯೇಜ್ ಕ್ಲಬ್ಬಿಗೂ ಫ್ರಾನ್ಸಿನ ಎರಡನೆಯ ದರ್ಜೆಯ ಡಂಕರ್ಕ್ ಕ್ಲಬ್ಬಿಗೂ 1990ರ ಜುಲೈ 27ರಂದು ಆದ ಕರಾರು ಇದು. ಜಾನ್-ಮಾರ್ಕ್ ಬೊಸ್ಮಾನ್ ಎಂಬ ಆಟಗಾರ ಇದರ ವಿಷಯ. ಇದರ ಸಾರಾಂಶವನ್ನು ಯೂರೋಪಿಯನ್ ಸಮುದಾಯಗಳ ನ್ಯಾಯಾಲಯ ತನ್ನ 1995ರ ಡಿಸೆಂಬರ್ 15ರ ತೀರ್ಪಿನಲ್ಲಿ ಕೊಟ್ಟಿದೆ. ತೀರ್ಪನ್ನು ಎಲ್ಲರೂ ಬಲ್ಲರು; ಕರಾರನ್ನು ಓದಿದವರು ಕಡಮೆ.

ಹಿನ್ನೆಲೆ ಹೀಗಿದೆ. ಬೊಸ್ಮಾನ್ 1988ರಲ್ಲಿ 30 ಲಕ್ಷ ಫ್ರಾಂಕುಗಳಿಗೆ ಲಿಯೇಜಿಗೆ ಬಂದನು. ತಿಂಗಳಿಗೆ ಸರಾಸರಿ 1,20,000 ಬೆಲ್ಜಿಯನ್ ಫ್ರಾಂಕು ಅವನ ವರಮಾನವಾಗಿತ್ತು. ಅವಧಿ 1990ರ ಜೂನ್ 30ಕ್ಕೆ ಮುಗಿಯುವುದರಲ್ಲಿತ್ತು. ಏಪ್ರಿಲಿನಲ್ಲಿ ಕ್ಲಬ್ಬು ಮುಂದಿಟ್ಟ ಹೊಸ ಕರಾರಿನಲ್ಲಿ ಸಂಬಳ 30,000ಕ್ಕೆ ಇಳಿದಿತ್ತು. ನಿಯಮಗಳು ಅನುಮತಿಸುವ ಕನಿಷ್ಠ ಮೊತ್ತವದು. ಅವನು ಒಪ್ಪದಿರಲು ಅವನ ಹೆಸರು ವರ್ಗಾವಣೆಯ ಪಟ್ಟಿಗೆ ಸೇರಿತು. ಅವನ ತರಬೇತಿಯ ಪರಿಹಾರವೆಂದು 1,17,43,000 ಫ್ರಾಂಕು ನಿಗದಿಯಾಯಿತು. ಬೆಲ್ಜಿಯನ್ ನಿಯಮದ ಪ್ರಕಾರ ಈ ಮೊತ್ತ ಆಟಗಾರನ ವಾರ್ಷಿಕ ವರಮಾನವನ್ನು ಅವನ ವಯಸ್ಸಿಗೆ ತಕ್ಕಂತೆ 14ರಿಂದ 2ರವರೆಗಿನ ಒಂದು ಅಂಕಿಯಿಂದ ಗುಣಿಸಿದಾಗ ಬರತಕ್ಕದ್ದು. ತಿಂಗಳಿಗೆ 1,20,000ದಂತೆ ವರ್ಷಕ್ಕೆ 14,40,000. ಇದರಿಂದ ಮೇಲಿನ ಮೊತ್ತವನ್ನು ಭಾಗಿಸಿದರೆ ಸುಮಾರು ಎಂಟು ಬರುತ್ತದೆ. ಅಂದರೆ ಬೆಲೆ ಕಟ್ಟುವಾಗ ಹಳೆಯ ಸಂಬಳ, ಕೂಲಿ ಕೊಡುವಾಗ ಹೊಸ ಸಂಬಳ! ಹೊಸ ಸಂಬಳವನ್ನೇ ಎಂಟರಿಂದ ಗುಣಿಸಿದ್ದರೆ ಬೆಲೆ 29 ಲಕ್ಷವನ್ನೂ ಮುಟ್ಟುತ್ತಿರಲಿಲ್ಲ. ಈ ಗಣಿತ ನಮ್ಮದು, ನ್ಯಾಯಾಲಯದ್ದಲ್ಲ. ಆದರೆ ಅಂಕಿಗಳು ತೀರ್ಪಿನವೇ.

ಆ ಬೆಲೆಗೆ ಯಾರೂ ಬರಲಿಲ್ಲ. ಬೊಸ್ಮಾನ್ ತಾನೇ ಡಂಕರ್ಕಿನೊಡನೆ ಮಾತನಾಡಿ, ತಿಂಗಳಿಗೆ ಸುಮಾರು 1 ಲಕ್ಷ ಫ್ರಾಂಕಿನ ನೌಕರಿಯನ್ನು ಗೊತ್ತುಮಾಡಿಕೊಂಡನು. ಆಮೇಲೆ ಎರಡು ಕ್ಲಬ್ಬುಗಳು ಕರಾರು ಬರೆದುಕೊಂಡವು. ಒಂದು ವರ್ಷದ ತಾತ್ಕಾಲಿಕ ವರ್ಗಾವಣೆಗೆ 12 ಲಕ್ಷ. ಪೂರ್ಣ ವರ್ಗಾವಣೆ ಬೇಕೆನಿಸಿದರೆ 48 ಲಕ್ಷಕ್ಕೆ ಪಡೆಯುವ, ಹಿಂದೆಗೆಯಲಾಗದ ಹಕ್ಕು. ಎರಡನ್ನು ಕೂಡಿಸಿದರೂ 60 ಲಕ್ಷವೇ. ನಿಯಮವು ಕಟ್ಟಿದ ಬೆಲೆಯ ಅರ್ಧಕ್ಕಿಂತ ತುಸು ಮೇಲೆ. ತರಬೇತಿಯ ವೆಚ್ಚಕ್ಕೆ ಪರಿಹಾರವೆಂದು ಹೇಳಿದ ಮೊತ್ತ ತರಬೇತಿಗೆ ಸಂಬಂಧಿಸಿದ್ದಲ್ಲವೆಂಬುದಕ್ಕೆ ಕ್ಲಬ್ಬುಗಳ ಸ್ವಂತ ಕರಾರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಕರಾರಿನ ಮರ್ಮ ಹಣದಲ್ಲಿಲ್ಲ, ಷರತ್ತಿನಲ್ಲಿದೆ. ಬೆಲ್ಜಿಯಮ್ಮಿನ ಒಕ್ಕೂಟ ಹೊರಡಿಸುವ ವರ್ಗಾವಣೆ ಪ್ರಮಾಣಪತ್ರ ಫ್ರಾನ್ಸಿನ ಒಕ್ಕೂಟಕ್ಕೆ ತಲಪಿದ ಮೇಲೆ 12 ಲಕ್ಷವನ್ನು ಸಲ್ಲಿಸತಕ್ಕದ್ದು. ಆ ಪ್ರಮಾಣಪತ್ರವು ಋತುವಿನ ಮೊದಲ ಪಂದ್ಯಕ್ಕೆ, ಎಂದರೆ ಆಗಸ್ಟ್ 2ಕ್ಕೆ, ಸಕಾಲದಲ್ಲಿ ರವಾನೆಯಾದರೆ ಮಾತ್ರ ಕರಾರು ಜಾರಿಗೆ ಬರತಕ್ಕದ್ದು. ಕ್ಲಬ್ಬಿಗೂ ಬೊಸ್ಮಾನನಿಗೂ ಆದ ನೌಕರಿಯ ಕರಾರೂ ಇದೇ ಷರತ್ತಿಗೆ ಒಳಪಟ್ಟಿತ್ತು. ಸಹಿಯಾದಂದಿನಿಂದ ಪಂದ್ಯಕ್ಕೆ ಆರೇ ದಿನ.

ಈ ರಚನೆಯಲ್ಲಿ ಮೂರು ದೋಷಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಪ್ರಮಾಣಪತ್ರವನ್ನು ಒಕ್ಕೂಟ ಕಳುಹಿಸಬೇಕಾದರೆ ಲಿಯೇಜ್ ಕೇಳಿಕೊಳ್ಳಬೇಕು. ಎಂದಮೇಲೆ ಕರಾರು ಜೀವ ತಳೆಯುವುದೂ ಬಿಡುವುದೂ ಕರಾರಿನ ಒಬ್ಬ ಪಕ್ಷಗಾರನ ಇಚ್ಛೆಗೆ ಸೇರಿದ್ದು. ಅಂಥ ಷರತ್ತು ಹೆಸರಿಗೆ ಷರತ್ತು, ನಿಜವಾಗಿ ಹಿಂದೆಗೆಯುವ ಹಕ್ಕು. ಮತ್ತೆ, ಲಿಯೇಜ್ ಮೊದಲು ಪತ್ರ ಕೊಡಬೇಕು, ಹಣ ಆಮೇಲೆ ಬರಬೇಕು. ಹಣ ಬಾರದಿದ್ದರೇನು ಗತಿಯೆಂಬುದಕ್ಕೆ ಜಾಮೀನಿನ ಮಾತು ತೀರ್ಪು ಕೊಡುವ ಸಾರಾಂಶದಲ್ಲಿ ಎಲ್ಲಿಯೂ ಕಾಣದು. ಡಂಕರ್ಕಿನ ಹಣಕಾಸಿನ ಶಕ್ತಿಯಲ್ಲಿ ಲಿಯೇಜಿಗೆ ಅನುಮಾನವಿತ್ತು. ಆ ಅನುಮಾನಕ್ಕೆ ಕರಾರಿನೊಳಗೆ ಉತ್ತರ ಬರೆಯುವ ಬದಲು ಪ್ರಮಾಣಪತ್ರವನ್ನೇ ಕೇಳದೆ ಕುಳಿತಿತು. ಕಡೆಗೆ, ಒಂದು ಕರಾರಿನ ಷರತ್ತನ್ನು ಇನ್ನೊಂದಕ್ಕೂ ತಗುಲಿಸಿದ್ದರಿಂದ ಕ್ಲಬ್ಬುಗಳ ಪರಸ್ಪರ ಅಪನಂಬಿಕೆಯ ನಷ್ಟ ಮೂರನೆಯವನ ತಲೆಯ ಮೇಲೆ ಬಿತ್ತು. ಎರಡೂ ಕರಾರುಗಳು ಜಾರಿಗೆ ಬರಲಿಲ್ಲ. ಜುಲೈ 31ರಂದು ಲಿಯೇಜ್ ಬೊಸ್ಮಾನನನ್ನು ಅಮಾನತಿನಲ್ಲಿಟ್ಟಿತು. ಇಡೀ ಋತುವಿನಲ್ಲಿ ಅವನು ಆಡಲಾಗಲಿಲ್ಲ. ಲಿಯೇಜ್ 12 ಲಕ್ಷವನ್ನು ಕಳೆದುಕೊಂಡಿತು, ಡಂಕರ್ಕ್ ಒಬ್ಬ ಆಟಗಾರನನ್ನು. ಜೀವನೋಪಾಯವನ್ನು ಕಳೆದುಕೊಂಡವನು ಒಬ್ಬನೇ.

ನಮ್ಮ ದಾನಶಾಸನಗಳನ್ನು ಪಾಠಹೇಳುವವರಿಗೆ ಇಲ್ಲೊಂದು ಪರಿಚಿತ ಮುಖ ಕಾಣುವುದು. ಕೊಟ್ಟವನುಂಟು, ಕೊಂಡವನುಂಟು, ಎಲ್ಲೆಗಳುಂಟು, ಸಾಕ್ಷಿಗಳುಂಟು. ಕೊಡಲ್ಪಟ್ಟ ಹೊಲವನ್ನು ಯಾರೂ ಕೇಳುವುದಿಲ್ಲ. ಆದರೆ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಶಾಸನವನ್ನು ಬರೆದವನು ಮುಂದೆ ಅಳುಪುವವರು ಬರಬಹುದೆಂದು ಶಾಪವಾಕ್ಯವನ್ನಾದರೂ ಸೇರಿಸುತ್ತಿದ್ದನು. ಜುಲೈ 27ರ ಕರಾರಿನ ಕರ್ತೃಗಳಿಗೆ ಅಷ್ಟು ದೂರದೃಷ್ಟಿಯೂ ಇದ್ದಂತೆ ತೋರುವುದಿಲ್ಲ.

ಅವಧಿ ಮುಗಿದ ಆಟಗಾರ ಒಂದು ಸದಸ್ಯರಾಷ್ಟ್ರದಿಂದ ಇನ್ನೊಂದಕ್ಕೆ ಹೋಗುವಾಗ ವರ್ಗಾವಣೆಯ ಹಣ ಕೇಳಕೂಡದೆಂದು ನ್ಯಾಯಾಲಯ ತೀರ್ಮಾನಿಸಿತು. ಇದರಿಂದ ಆಟಗಾರನ ಮಾರಾಟವೇ ನಿಂತಿತೆಂದು ಅನೇಕರು ಬರೆದಿದ್ದಾರೆ. ಈ ಮಾತನ್ನು ಒಪ್ಪಲಾಗದು. ತೀರ್ಪು ಮುಟ್ಟಿದ್ದು ಮುಗಿದ ಅವಧಿಯನ್ನು. ನಡೆಯುತ್ತಿರುವ ಅವಧಿ ಮೊದಲಿದ್ದಲ್ಲೇ ಇತ್ತು. ಹೀಗಾಗಿ ಕ್ಲಬ್ಬುಗಳು ಅವಧಿಯನ್ನು ಉದ್ದ ಮಾಡಿದವು, ಅವಧಿ ಮುಗಿಯುವ ಮುನ್ನವೇ ಮಾರಿದವು. ಕರಾರುಪತ್ರ ಕುಗ್ಗುವ ಬದಲು ಹಿಗ್ಗಿತು. ಕಂತುಗಳು, ಆಟಗಾರ ಇಷ್ಟು ಪಂದ್ಯಗಳನ್ನಾಡಿದರೆ ಸಲ್ಲಬೇಕಾದ ಹೆಚ್ಚುವರಿ ಹಣ, ಅವನನ್ನು ಮುಂದೆ ಮಾರಿದಾಗ ಬರುವ ಲಾಭದಲ್ಲಿ ಹಿಂದಿನ ಕ್ಲಬ್ಬಿಗೆ ಪಾಲು ಮುಂತಾದ ವಾಕ್ಯಗಳು ಸೇರಿಕೊಂಡವು. 2001ರಲ್ಲಿ ಯೂರೋಪಿಯನ್ ಆಯೋಗದೊಡನೆ ಒಪ್ಪಂದಕ್ಕೆ ಬಂದು ಫಿಫಾ ಹೊಸ ನಿಯಮಗಳನ್ನು ಮಾಡಿತು. ವರ್ಗಾವಣೆಯ ಹಣದಲ್ಲಿ ಶೇಕಡ 5ನ್ನು, 12ರಿಂದ 23ರ ವಯಸ್ಸಿನವರೆಗೆ ಆಟಗಾರನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚುವ ಏರ್ಪಾಡು ಅದರಲ್ಲಿತ್ತು. ಇದು ಪ್ರಶಂಸನೀಯ. 2010ರಿಂದ ಅಂತರರಾಷ್ಟ್ರೀಯ ವರ್ಗಾವಣೆಗಳು ಫಿಫಾದ ಗಣಕಜಾಲದ ಮೂಲಕವೇ ಆಗಬೇಕಾಯಿತು. ಆದರೆ ಪ್ರಮಾಣಪತ್ರವೆಂಬ ಕೀಲು ಅದೇ ಜಾಗದಲ್ಲಿ ಉಳಿಯಿತು.

ಎರಡನೆಯ ದಾಖಲೆ ಇದನ್ನು ಭೀಕರವಾಗಿ ತೋರಿಸುತ್ತದೆ. ಫ್ರಾನ್ಸಿನ ನಾಂಟ್ ಕ್ಲಬ್ಬಿನಿಂದ ವೇಲ್ಸಿನ ಕಾರ್ಡಿಫ್ ಸಿಟಿ ಕ್ಲಬ್ಬಿಗೆ ಎಮಿಲಿಯಾನೊ ಸಾಲಾ ಎಂಬ ಅರ್ಜೆಂಟೀನಾದ ಆಟಗಾರನನ್ನು ವರ್ಗಾಯಿಸುವ 2019ರ ಜನವರಿ 19ರ ಕರಾರು ಅದು. ಬೊಸ್ಮಾನನ ಕರಾರಾದ ವರ್ಷವೇ ಹುಟ್ಟಿದವನು ಸಾಲಾ. ಮೊಬಲಗು 1 ಕೋಟಿ 70 ಲಕ್ಷ ಯೂರೋ, ಕಂತುಗಳಲ್ಲಿ. ಮೊದಲ ಕಂತು 60 ಲಕ್ಷ. ಸಾಲಾ ಜೊತೆಗಾರರನ್ನು ಬೀಳ್ಕೊಳ್ಳಲು ನಾಂಟ್‌ಗೆ ಹೋದನು. ಜನವರಿ 21ರ ರಾತ್ರಿ ಕಾರ್ಡಿಫ್‌ಗೆ ಮರಳುತ್ತಿದ್ದ ಸಣ್ಣ ವಿಮಾನ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಬಿದ್ದು ಅವನೂ ವಿಮಾನಚಾಲಕನೂ ಮೃತರಾದರು. ಅಂತರರಾಷ್ಟ್ರೀಯ ಪ್ರಮಾಣಪತ್ರ ಅದೇ ದಿನ ಬಿಡುಗಡೆಯಾಗಿತ್ತು.

ಕರಾರು ಜಾರಿಗೆ ಬರಲು ವೈದ್ಯಪರೀಕ್ಷೆಯಷ್ಟೇ ಅಲ್ಲದೆ, ನೋಂದಣಿ ಮತ್ತು ಪ್ರಮಾಣಪತ್ರದ ವಿಷಯದಲ್ಲಿ ಎರಡು ದೇಶಗಳ ಆಡಳಿತ ಸಂಸ್ಥೆಗಳಿಂದ ಸೂಚನೆ ಬರಬೇಕೆಂಬ ಷರತ್ತೂ ಇತ್ತು. ಇವು ಸಂಪೂರ್ಣವಾಗಿ ನೆರವೇರಿರಲಿಲ್ಲ, ಆದ್ದರಿಂದ ಸಾಲಾ ತನ್ನ ಆಟಗಾರನಾಗಿರಲಿಲ್ಲ ಎಂದು ಕಾರ್ಡಿಫ್ ವಾದಿಸಿತು. ನೆರವೇರಿದ್ದವು ಎಂದು ನಾಂಟ್. 2019ರ ಸೆಪ್ಟೆಂಬರಿನಲ್ಲಿ ಫಿಫಾದ ಸಮಿತಿ ಮೊದಲ ಕಂತನ್ನು ಕೊಡಬೇಕೆಂದಿತು. 2022ರ ಆಗಸ್ಟಿನಲ್ಲಿ ಲೊಸಾನಿನ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಕಾರ್ಡಿಫಿನ ಮೇಲ್ಮನವಿಯನ್ನು ತಳ್ಳಿಹಾಕಿತು. ಸತ್ತವನು ಯಾರವನೆಂಬ ಪ್ರಶ್ನೆಗೆ ಉತ್ತರ, ಸೂಚನೆಗಳು ಬಂದ ಹೊತ್ತನ್ನು ಎಣಿಸುವುದರ ಮೇಲೆ ನಿಂತಿತು.

ಈ ವ್ಯಾಜ್ಯದಲ್ಲಿ ಕ್ಲಬ್ಬುಗಳನ್ನು ನಿರ್ದಯರೆಂದು ಬೈಯುವುದು ಸುಲಭ. ಲೇಖಕನಿಗೆ ಅದು ಅನ್ಯಾಯವೆನಿಸುತ್ತದೆ. ಇಷ್ಟು ದೊಡ್ಡ ಮೊಬಲಗಿನ ಹೊಣೆ ಯಾವ ಕ್ಷಣದಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆಂಬುದನ್ನು ಯಾವುದಾದರೂ ಒಂದು ವಾಕ್ಯ ಹೇಳಲೇಬೇಕು. ಆಕ್ಷೇಪವಿರುವುದು ಆ ವಾಕ್ಯದ ಆಯ್ಕೆಗೆ. ಸರಕು ಹಡಗೇರಿದ ಕ್ಷಣದಿಂದ ನಷ್ಟ ಯಾರದೆಂದು ವರ್ತಕರು ಶತಮಾನಗಳಿಂದ ಸ್ಪಷ್ಟವಾಗಿ ಬರೆದುಕೊಂಡು ಬಂದಿದ್ದಾರೆ. ಕ್ಲಬ್ಬುಗಳು ಆ ಸ್ಪಷ್ಟತೆಯನ್ನು ತಾವೇ ಬರೆಯದೆ, ತಮ್ಮಿಬ್ಬರಿಗೂ ಸೇರದ ಕಚೇರಿಗಳ ಸೂಚನೆಗೆ ಬಿಟ್ಟವು. 1990ರಲ್ಲಿ ಪತ್ರ ಹೊರಡದೆ ಕರಾರು ಸತ್ತಿತು, ಮನುಷ್ಯ ನಿರುದ್ಯೋಗಿಯಾದನು. 2019ರಲ್ಲಿ ಪತ್ರ ಹೊರಟಿತ್ತು, ಮನುಷ್ಯ ಸತ್ತನು, ಕರಾರು ಬದುಕಿತು.

ಪ್ರಮಾಣಪತ್ರದ ಕಥೆಗೆ ಇನ್ನೊಂದು ಪ್ರಕರಣವನ್ನು ಸೇರಿಸದಿದ್ದರೆ ವಿಷಯ ಅಪೂರ್ಣವಾದೀತು. ಫ್ರಾನ್ಸಿನ ಲಸ್ಸಾನಾ ದಿಯಾರಾ 2014ರಲ್ಲಿ ಮಾಸ್ಕೋದ ಲೋಕೊಮೋಟಿವ್ ಕ್ಲಬ್ಬಿನಿಂದ ಹೊರಬಿದ್ದನು. ಕರಾರನ್ನು ಮುರಿದವನು ಅವನೇ ಎಂದು ಅವನ ಮೇಲೆ 1 ಕೋಟಿ 5 ಲಕ್ಷ ಯೂರೋ ದಂಡಪರಿಹಾರ ಬಿತ್ತು. ಬೆಲ್ಜಿಯಮ್ಮಿನ ಶಾರ್ಲರ್ವಾ ಕ್ಲಬ್ಬು 2015ರ ಫೆಬ್ರವರಿಯಲ್ಲಿ ಅವನಿಗೆ ಬರೆದ ಪತ್ರದಲ್ಲಿ ಎರಡು ಷರತ್ತುಗಳಿದ್ದವು: ಅವನು ತಮ್ಮ ಪರವಾಗಿ ಆಡಲು ನೋಂದಾಯಿತನಾಗಬೇಕು, ಆ ಪರಿಹಾರಕ್ಕೆ ತಾವು ಜಂಟಿ ಹೊಣೆಗಾರರಲ್ಲವೆಂಬುದು ಖಚಿತವಾಗಬೇಕು. ಎರಡೂ ಸಾಧ್ಯವಾಗಲಿಲ್ಲ. ಅಂದಿನ ನಿಯಮದಂತೆ ಪ್ರಮಾಣಪತ್ರ ಸಿಕ್ಕಲಿಲ್ಲ; ನೌಕರಿಯೂ ಸಿಕ್ಕಲಿಲ್ಲ. ಡಂಕರ್ಕಿನ ಕರಾರಿನ ಕರ್ತೃಗಳು ಗೊತ್ತಿಲ್ಲದೆ ಮಾಡಿದ್ದನ್ನು ಶಾರ್ಲರ್ವಾದವರು ಗೊತ್ತಿದ್ದೇ ಮಾಡಿದರು. ನಿಯಮದ ಭಾರವೆಲ್ಲ ತಮ್ಮ ಮೇಲೆ ಬೀಳದಂತೆ ಷರತ್ತನ್ನು ಬರೆದರು. ಅದು ಬಿದ್ದದ್ದು ಪುನಃ ಆಟಗಾರನ ಮೇಲೆ. ಲಕ್ಸೆಂಬರ್ಗಿನ ಅದೇ ನ್ಯಾಯಾಲಯ 2024ರ ಅಕ್ಟೋಬರ್ 4ರಂದು ಈ ನಿಯಮಗಳು ಯೂರೋಪಿಯನ್ ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ಹೇಳಿತು. ಅದಾದ ಮೇಲೆ ಫಿಫಾ ತನ್ನ ನಿಯಮಗಳನ್ನು ತಾತ್ಕಾಲಿಕವಾಗಿ ತಿದ್ದಿ, ಆಟಗಾರನಿಗೂ ಹಳೆಯ ಕ್ಲಬ್ಬಿಗೂ ವ್ಯಾಜ್ಯವಿದೆಯೆಂಬ ಕಾರಣದಿಂದ ಪ್ರಮಾಣಪತ್ರವನ್ನು ತಡೆಹಿಡಿಯುವ ಅಧಿಕಾರವನ್ನು ಹಿಂದಿನ ಒಕ್ಕೂಟದಿಂದ ತೆಗೆದುಹಾಕಿತು. ಲಿಯೇಜ್ ಕೇಳದೆ ಉಳಿಸಿಕೊಂಡ ಕಾಗದ ಹಾಗೆ ತಡೆಯಲಾಗದಂತಾಗಲು 34 ವರ್ಷಗಳು ಹಿಡಿದವು.