ನಕಾಶೆಯ ಬೆನ್ನ ಮೇಲಿನ ತಾಯಿ

ಬರ್ಲಿನ್‌ನ ಕೈಸರ್ ವಿಲ್ಹೆಲ್ಮ್ ಸ್ಮಾರಕ ಚರ್ಚಿನಲ್ಲಿ ಇದ್ದಿಲಿನಿಂದ ಬರೆದ ಒಂದು ಚಿತ್ರವಿದೆ. ದೊಡ್ಡ ಹೊದಿಕೆಯೊಳಗೆ ಮುದುಡಿ ಕುಳಿತ ತಾಯಿ, ಅವಳ ಕೆನ್ನೆಗೆ ಒತ್ತಿಕೊಂಡ ಕೂಸು. ಅಂಚಿನಲ್ಲಿ ಜರ್ಮನ್ ಭಾಷೆಯ ಮೂರು ಪದಗಳು: ಬೆಳಕು, ಬದುಕು, ಪ್ರೀತಿ.

ಆ ಚಿತ್ರ ಹುಟ್ಟಿದ್ದು 1942ರ ಕ್ರಿಸ್‌ಮಸ್‌ನಲ್ಲಿ. ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೇನೆ ಮುತ್ತಿಗೆಗೆ ಸಿಕ್ಕಿಬಿದ್ದಿತ್ತು. ಹೊರಗೆ ಹಿಮ, ಒಳಗೆ ಹಸಿವು. ಸೇನಾ ವೈದ್ಯನೂ ಪಾದ್ರಿಯೂ ಆಗಿದ್ದ ಕುರ್ಟ್ ರಾಯ್‌ಬರ್, ನೆಲದಡಿಯ ಬಂಕರಿನಲ್ಲಿ ರಷ್ಯನ್ ನಕಾಶೆಯೊಂದನ್ನು ಮಗುಚಿ ಹಾಕಿ ಇದನ್ನು ಬರೆದ. ಒಳಬಂದ ಸೈನಿಕರು ಚಿತ್ರದೆದುರು ಮಾತು ಮರೆತು ನಿಂತರು.

ಕಾಗದದ ಮಡಿಕೆಗಳು ಇಂದಿಗೂ ಎದ್ದು ಕಾಣುತ್ತವೆ. ಒಂದು ಮಗ್ಗುಲಲ್ಲಿ ಯುದ್ಧದ ನೆಲ, ಇನ್ನೊಂದರಲ್ಲಿ ತಾಯಿಯ ಮಡಿಲು. ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಮುತ್ತಿಗೆ ಸಡಿಲಲಿಲ್ಲ, ರಾಯ್‌ಬರ್ ಸೆರೆಸಿಕ್ಕಿ, 1944ರಲ್ಲಿ ಸೆರೆಯಲ್ಲೇ ತೀರಿಕೊಂಡ. ಆದರೆ ಚಿತ್ರ ಗಾಯಾಳುವೊಬ್ಬನ ಜೊತೆ ವಿಮಾನವೇರಿ ಮನೆ ಸೇರಿತು.

ಚಿತ್ರದ ಕೂಸು ಯೇಸು; ಅವನ ಇನ್ನೊಂದು ಹೆಸರಾದ ಇಮ್ಮಾನುವೇಲ್ ಎಂದರೆ ದೇವರು ನಮ್ಮೊಡನಿದ್ದಾನೆ ಎಂದರ್ಥ. ಅವನು ಬಂಕರಿನ ಕತ್ತಲೆಗೂ ಇಳಿದು ಬರುತ್ತಾನೆಂಬ ಭರವಸೆಯನ್ನು ಈ ಕರಿ ಗೆರೆಗಳು ನನಗೆ ಕೊಟ್ಟಿವೆ.